ಹೊರಗೆ ಕೂತ ದಿನಗಳು

ಜುಲೈ 7, ಸೋಮವಾರ

ಈ ಡೈರಿ ಹೋದ ವರ್ಷದ್ದು. ಎರಡನೇ ಮಹಡಿಯ ಸಾಹೇಬರೊಬ್ಬರು ಒಂದು ಅಕ್ಷರವನ್ನೂ ಬರೆಯದೆ ಕಸದ ಬುಟ್ಟಿಗೆ ಹಾಕಿದ್ದರು. ತೆಗೆದುಕೊಳ್ಳಲಾ ಸಾರ್ ಎಂದು ಕೇಳೋಣವೆಂದು ಹೋಗಿ ನಿಂತೆ. ಬಾಯಿ ಬರಲಿಲ್ಲ. ಮೇಜು ಒರೆಸಿ ವಾಪಸ್ ಬಂದೆ. ಕೊನೆಗೆ ಜೊತೆಯಲ್ಲಿ ಕೆಲಸ ಮಾಡುವ ವಜೀರಕ್ಕನೇ ಅದನ್ನೆತ್ತಿ ನನ್ನ ಚೀಲಕ್ಕೆ ತುರುಕಿದಳು. ತಾರೀಖಿಗೂ ವಾರಕ್ಕೂ ಹೊಂದುವುದಿಲ್ಲ, ಅಚ್ಚಾಗಿರುವ ವಾರವನ್ನು ಹೊಡೆದುಹಾಕಿ ಬರೆಯುತ್ತಿದ್ದೇನೆ. ಐದನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು.

ಕೆಲಸಕ್ಕೆ ಸೇರಿ ತಿಂಗಳಾಯಿತು. ಬಿಡದಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಹೌಸ್‌ಕೀಪಿಂಗ್. ಮೇಜು ಕುರ್ಚಿ ಒರೆಸುವುದು, ನೆಲಕ್ಕೆ ಮಾಪು ಹಾಕುವುದು, ಟೀ ಲೋಟ ತೊಳೆಯುವುದು, ಹೆಂಗಸರ ಟಾಯ್ಲೆಟ್ಟುಗಳನ್ನು ಆಗಾಗ ತೊಳೆದು ಒಣಗಿಸುವುದು. ಒಳಗೆ ಗೋಡೆಯುದ್ದದ ಕನ್ನಡಿ ಇದೆ, ಕೈ ಒರೆಸಲು ಕಾಗದವಿದೆ, ಮಲ್ಲಿಗೆಯ ವಾಸನೆ ಬರುತ್ತದೆ. ನಮ್ಮ ಅಡುಗೆಮನೆಗಿಂತ ದೊಡ್ಡದು. ಆದರೆ ನಾವು ಅದನ್ನು ಉಪಯೋಗಿಸಬಾರದು. ನಮ್ಮಂಥವರಿಗೆ ಇರುವುದು ಕ್ಯಾಂಟೀನಿನ ಹಿಂದೆ, ಲಾರಿ ನಿಲ್ಲುವ ಕಡೆ. ಹೋಗಬೇಕಾದರೆ ಸೂಪರ್‌ವೈಸರಿಗೆ ಹೇಳಬೇಕು, ಸೆಕ್ಯೂರಿಟಿಯವನ ಹತ್ತಿರ ಹೆಸರು ಬರೆಸಬೇಕು. ಇಬ್ಬರೂ ಗಂಡಸರು. ಆ ಬಾಗಿಲ ಎದುರಿಗೇ ಲಾರಿ ಡ್ರೈವರುಗಳು ಬೀಡಿ ಸೇದುತ್ತ ಕೂತಿರುತ್ತಾರೆ.

ಅದಕ್ಕೆ ನಾನೊಂದು ದಾರಿ ಕಂಡುಕೊಂಡಿದ್ದೇನೆ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ವ್ಯಾನು ಹತ್ತಿದರೆ ಸಂಜೆ ಮನೆಗೆ ಬರುವ ತನಕ ನೀರು ಕುಡಿಯುವುದಿಲ್ಲ. ಊಟದ ಹೊತ್ತಿಗೆ ಬಾಯಿ ಮುಕ್ಕಳಿಸಿ ಉಗುಳುತ್ತೇನೆ. ಮೊದಮೊದಲು ನಾಲಿಗೆ ಅಂಟುತ್ತಿತ್ತು. ಈಗ ಅಭ್ಯಾಸವಾಗಿದೆ.

ವಜೀರಕ್ಕ ಚನ್ನಪಟ್ಟಣದವಳು, ನನ್ನ ಅಮ್ಮನಷ್ಟು ವಯಸ್ಸು. ಅವಳು ಹೋಗಿಬರುತ್ತಾಳೆ. ಸೆಕ್ಯೂರಿಟಿಯವನಿಗೆ, "ಬರ್ಕೊಳ್ಳಪ್ಪ, ವಜೀರಾ ಉಚ್ಚೆಗೆ ಹೋದ್ಲು ಅಂತ ದೊಡ್ಡ ಅಕ್ಷರದಾಗೆ ಬರ್ಕೋ" ಅನ್ನುತ್ತಾಳೆ. ಕೇಳಿದರೇ ನನ್ನ ಮುಖ ಬಿಸಿಯಾಗುತ್ತದೆ.

ಜುಲೈ 13, ಭಾನುವಾರ

ರಜೆ. ಆದರೆ ಮನೆಯಲ್ಲಿ ರಜೆ ಇರುವುದಿಲ್ಲ.

ನಮ್ಮೂರು ವಿರೂಪಾಕ್ಷಿಪುರದಿಂದ ಒಳಕ್ಕೆ. ಮಾಗಡಿ ಕಡೆಯಿಂದ ಮದುವೆಯಾಗಿ ಬಂದು ಎರಡು ವರ್ಷವಾಯಿತು. ಮನೆಯಲ್ಲಿ ಅತ್ತೆ ಶಿವಲಿಂಗಮ್ಮ, ಇವರು, ನಾನು. ಇವರೆಂದರೆ ನಮ್ಮ ಮನೆಯವರು. ಅತ್ತೆ ಕೆಂಪರಾಜ ಅಂತ ಕೂಗುತ್ತಾರೆ. ಹಿಪ್ಪುನೇರಳೆ ತೋಟ ನೋಡಿಕೊಂಡು, ಬಿಡುವಾದಾಗ ಊರಿನವರ ರೇಷ್ಮೆ ಗೂಡನ್ನು ಟೆಂಪೋದಲ್ಲಿ ರಾಮನಗರದ ಮಾರುಕಟ್ಟೆಗೆ ಸಾಗಿಸುತ್ತಾರೆ.

ಹಿತ್ತಲಲ್ಲಿ ಹುಳದ ಮನೆ ಇದೆ. ಅದು ಅತ್ತೆಯದು. ರೇಷ್ಮೆ ಹುಳಕ್ಕೆ ವಾಸನೆ ಆಗುವುದಿಲ್ಲ. ಊದುಬತ್ತಿ ಹಚ್ಚುವಂತಿಲ್ಲ, ಪೌಡರ್ ಹಾಕುವಂತಿಲ್ಲ. ನನ್ನ ಕೈಗೆ, ಬಟ್ಟೆಗೆ, ಕೂದಲಿಗೆ ಆಫೀಸಿನ ಫಿನಾಯಿಲು ಹತ್ತಿರುತ್ತದೆ. ಹಾಗಾಗಿ ವ್ಯಾನಿನಿಂದ ಇಳಿದವಳು ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಬೇರೆ ಬಟ್ಟೆ ಉಟ್ಟು ಹುಳದ ಮನೆಗೆ ಹೋಗಬೇಕು. ಸೊಪ್ಪು ಹಾಕಿ, ಹಿಕ್ಕೆ ತೆಗೆದು, ಆಮೇಲೆ ಒಲೆ ಮುಂದೆ. ಮುಟ್ಟಾದ ಹೆಂಗಸು ಆ ಬಾಗಿಲ ಹತ್ತಿರವೂ ಸುಳಿಯಬಾರದು. ಅದು ಅತ್ತೆಯ ಅತ್ತೆಯ ಕಾಲದಿಂದ ಬಂದದ್ದು. ಆ ದಿನಗಳಲ್ಲಿ ಹಿಂದಿನ ಚಾವಡಿಯಲ್ಲಿ ಹೊರಗೆ ಕೂರಬೇಕು.

ಇವತ್ತು ತಲೆ ಒಣಗಿಸಿಕೊಳ್ಳುತ್ತ ನಿಂತಿದ್ದಾಗ ಇವರು ಹತ್ತಿರ ಬಂದು ಮೂಸಿ, "ಹುಳಕ್ಕೆ ಆಗದ ವಾಸ್ನೆ ನಂಗೆ ಆಯ್ತದೆ ಕಣಮ್ಮಿ, ಒಸಿ ಇತ್ತಗೆ ಬಾ" ಅಂದರು. ನಗು ಬಂತು. ಒಳಗಿನಿಂದ ಅತ್ತೆ ಕೆಮ್ಮಿದರು.

ಜುಲೈ 19, ಶನಿವಾರ

ಮೂರು ದಿನದಿಂದ ಉರಿ. ಕೂತರೆ ಬೆಂಕಿಕಡ್ಡಿ ಗೀರಿದ ಹಾಗೆ. ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತದೆ. ಉಷ್ಣ ಇರಬೇಕು. ಹಿತ್ತಲಲ್ಲಿ ಒಂದು ಎಳನೀರು ಕೆಡವಿ ಕುಡಿದೆ.

ಇವರು ಕೈ ಹಿಡಿದರು. ತಲೆನೋವು ಅಂದೆ. ನಿನ್ನೆಯೂ ತಲೆನೋವು ಅಂದಿದ್ದೆ.

ಜುಲೈ 27, ಭಾನುವಾರ

ಇವತ್ತು ಆದದ್ದನ್ನು ಹೇಗೆ ಬರೆಯುವುದೋ.

ಹುಳ ನಾಲ್ಕನೇ ಜ್ವರಕ್ಕೆ ಕೂತಿವೆ. ಪೊರೆ ಬಿಡುವ ಮೊದಲು ಹುಳಗಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ, ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಗಟ್ಟಿಯಾಗಿ ಮಾತೂ ಆಡಬಾರದು ಅನ್ನುತ್ತಾರೆ ಅತ್ತೆ. ಬೆಳಿಗ್ಗೆ ಒಳಗೆ ಕಸ ಗುಡಿಸಿ ಬಂದು ಬಟ್ಟೆ ಒಗೆಯಲು ಕೂತಿದ್ದೆ. ಲಂಗದ ಮೇಲೆ ಕಲೆ ಇತ್ತು. ನಾನು ನೋಡುವ ಮೊದಲೇ ಅತ್ತೆ ನೋಡಿದರು.

"ಏನಮ್ಮಿ, ಹೊರಗಾಗಿದ್ದೀಯಾ? ಹಂಗೇ ಹುಳದ್ ಮನೆಗೆ ಕಾಲಿಕ್ಕಿದ್ಯಾ?"

ನಾನು ಹೊರಗಾಗಿರಲಿಲ್ಲ. ಅದಕ್ಕೆ ಇನ್ನೂ ದಿನವಿತ್ತು. ಆ ರಕ್ತ ಎರಡು ದಿನದಿಂದ ಉಚ್ಚೆಯಲ್ಲಿ ಬರುತ್ತಿದೆ. ಆದರೆ ಅಂಗಳದಲ್ಲಿ ಇವರು ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು, ಪಕ್ಕದ ಮನೆಯ ಪುಟ್ಟಿ ಮಜ್ಜಿಗೆ ತೆಗೆದುಕೊಂಡು ಹೋಗಲು ಬಂದು ನಿಂತಿದ್ದಳು. ಅವರ ಮುಂದೆ ಉಚ್ಚೆಯ ಮಾತನ್ನು ಹೇಗೆ ಆಡಲಿ. ತಲೆ ಆಡಿಸಿದೆ.

ಅತ್ತೆ ಹಣೆ ಚಚ್ಚಿಕೊಂಡರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮನೆ, ಜ್ವರಕ್ಕೆ ಕೂತ ಹುಳ, ಇವಳಿಗೆ ಅಷ್ಟೂ ತಿಳುವಳಿಕೆ ಇಲ್ಲವೇ ಅಂದರು. ಆಮೇಲೆ ಚಾಪೆ, ಹೊದಿಕೆ, ಒಂದು ತಟ್ಟೆ, ಬಿಂದಿಗೆ ನೀರು ತಂದು ಚಾವಡಿಯಲ್ಲಿ ಇಟ್ಟರು.

ನಾನು ಸುಳ್ಳು ಹೇಳಲಿಲ್ಲ. ತಲೆ ಆಡಿಸಿದೆ ಅಷ್ಟೆ.

ಜುಲೈ 29, ಮಂಗಳವಾರ

ಹೊರಗೆ ಕೂತವಳು ಆಫೀಸಿಗೆ ಹೋಗಲು ಅಡ್ಡಿಯಿಲ್ಲ. ಅಲ್ಲಿ ಕೇಳುವವರಿಲ್ಲ. ಸಂಜೆ ಬಂದವಳು ಹುಳದ ಮನೆಗೂ ಹೋಗುವಂತಿಲ್ಲ, ಒಲೆಗೂ ಹೋಗುವಂತಿಲ್ಲ. ಅತ್ತೆ ಮುದ್ದೆ ಸಾರು ತಂದು ತಟ್ಟೆಗೆ ಮೇಲಿನಿಂದ ಬಿಡುತ್ತಾರೆ. ಕೂತು ತಿನ್ನುತ್ತೇನೆ. ಬಿಂದಿಗೆ ಪಕ್ಕದಲ್ಲೇ ಇದೆ. ಕುಡಿಯುತ್ತೇನೆ. ಕಕ್ಕಸು ನಾಲ್ಕು ಹೆಜ್ಜೆಯಲ್ಲಿದೆ. ಯಾರನ್ನೂ ಕೇಳದೆ ಎದ್ದು ಹೋಗುತ್ತೇನೆ. ಮತ್ತೆ ಬಂದು ಕುಡಿಯುತ್ತೇನೆ. ಉರಿ ಕಮ್ಮಿಯಾಗಿದೆ.

ಇವರ ಕೆಮ್ಮು ಒಳಗಿನಿಂದ ಕೇಳಿಸುತ್ತದೆ. ಪಾಪ ಅನಿಸುತ್ತದೆ. ಆದರೂ ಕಾಲು ಚಾಚಿ ಮಲಗಿದಾಗ ನಿದ್ದೆ ಹೇಗೆ ಬಂತೋ ಗೊತ್ತೇ ಆಗಲಿಲ್ಲ.

ಆಗಸ್ಟ್ 4, ಸೋಮವಾರ

ಹುಳಕ್ಕೆ ಸಪ್ಪೆ ರೋಗ ಬಂತು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ ಮೆತ್ತಗಾಗಿ, ಕಪ್ಪಾಗಿ, ವಾಸನೆ ಬಂದು ಸತ್ತವು. ಇವರು ಬುಟ್ಟಿಗಟ್ಟಲೆ ಹೊತ್ತು ತಿಪ್ಪೆಯ ಹಿಂದೆ ಗುಂಡಿ ತೋಡಿ ಹೂತರು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಚಂದ್ರಿಕೆಗಳನ್ನು ಖಾಲಿಯಾಗಿಯೇ ಗೋಡೆಗೆ ಒರಗಿಸುತ್ತ, ಆ ಜ್ವರದ ದಿನ ಆಗಬಾರದ್ದು ಆಗಿ ಹೋಯಿತು ಅಂತ ಅಷ್ಟು ಮಾತ್ರ ಪುಟ್ಟಿಯ ಅಮ್ಮನ ಹತ್ತಿರ ಹೇಳಿದರು, ನನಗೆ ಕೇಳುವ ಹಾಗೆ.

ನಾನು ಅವತ್ತು ಮುಟ್ಟಾಗಿರಲಿಲ್ಲ. ಹಾಗಾದರೆ ಹುಳ ಯಾಕೆ ಸತ್ತವು? ಯಾವ ರಕ್ತವಾದರೂ ಆಗುವುದಿಲ್ಲವೋ ಏನೋ. ಯಾರನ್ನು ಕೇಳುವುದು.

ಆಗಸ್ಟ್ 12, ಮಂಗಳವಾರ

ಈಗ ನಿಜವಾಗಿಯೇ ಹೊರಗಾದೆ. ಹೇಳಿದೆ. ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿ ನನ್ನ ಮುಖ ನೋಡಿದರು. ಮೊನ್ನೆ ತಾನೇ ಆಗಿದ್ದೆಯಲ್ಲ ಅಂದರು. ಉಷ್ಣಕ್ಕೆ ಅಂದೆ. ಮೆಂತ್ಯ ನೆನೆಹಾಕಿ ಕೊಟ್ಟರು.

ಆಗಸ್ಟ್ 20, ಬುಧವಾರ

ಇವತ್ತು ತಡೆಯಲು ಆಗಲಿಲ್ಲ. ಮೀಟಿಂಗ್ ರೂಮಿನ ಮುಂದೆ ಸೂಪರ್‌ವೈಸರ್ ನಿಂತಿದ್ದರು. ಜೊತೆಯಲ್ಲಿ ಎಲೆಕ್ಟ್ರಿಷಿಯನ್ನು, ಇನ್ನೊಬ್ಬರು. ಮೆಲ್ಲಗೆ ಹೇಳಿದೆ. ಕೇಳಿಸಲಿಲ್ಲ, ಜೋರಾಗಿ ಹೇಳಮ್ಮ ಅಂದರು. ಮತ್ತೆ ಹೇಳಿದೆ. ಈಗ ತಾನೇ ಊಟದ ಬಿಡುವು ಮುಗಿಯಿತಲ್ಲ, ಏನು ಮನೆಯಲ್ಲಿ ಕೊಡ ಕುಡಿದುಕೊಂಡು ಬರುತ್ತೀಯಾ ಅಂದರು. ಅವರಿಬ್ಬರೂ ನಕ್ಕರು. ಕೆಟ್ಟ ನಗುವೇನಲ್ಲ, ಸುಮ್ಮನೆ ನಕ್ಕರು. ನಾನೂ ನಕ್ಕೆ. ಹೋಗಲಿಲ್ಲ.

ಆಮೇಲೆ ಹೆಂಗಸರ ಟಾಯ್ಲೆಟ್ಟು ತೊಳೆಯುವಾಗ ಒಳಗೆ ಯಾರೂ ಇರಲಿಲ್ಲ. ಬಾಗಿಲು ಹಾಕಿಕೊಳ್ಳೋಣ ಅನಿಸಿತು. ಚಿಲಕದ ಮೇಲೆ ಕೈ ಇಟ್ಟೆ. ಹೋದ ತಿಂಗಳು ಹಾಗೆ ಹೋಗಿ ಸಿಕ್ಕಿಬಿದ್ದವಳನ್ನು ಕೆಲಸದಿಂದ ತೆಗೆದಿದ್ದರು. ಚಿಲಕ ಒರೆಸಿ, ಕನ್ನಡಿ ಒರೆಸಿ ಬಂದೆ.

ವಜೀರಕ್ಕ ನನ್ನ ಮುಖ ನೋಡಿ, ಬಣ್ಣ ಸರಿಯಿಲ್ಲ, ಡಾಕ್ಟರಿಗೆ ತೋರಿಸು ಅಂದಳು. ಏನೂ ಇಲ್ಲ ಅಂದೆ.

"ಏನೂ ಇಲ್ದವ್ರೆಲ್ಲ ಹಿಂಗೇ ಗೋಡೆ ಹಿಡ್ಕೊಂಡು ನಡೀತಾರಾ?" ಅಂದಳು.

ಆಗಸ್ಟ್ 28, ಗುರುವಾರ

ಈ ಸಲ ನಾನೇ ಹೇಳಿದೆ. ಸೋಮವಾರ, ಗೌರಿ ಹಬ್ಬದ ಹಿಂದಿನ ದಿನ. ಮತ್ತೆ ರಕ್ತ ಕಂಡಿತ್ತು, ಸೊಂಟದ ಎಡಗಡೆ ಕಲ್ಲು ಕಟ್ಟಿದ ಹಾಗೆ ನೋವು. ಹಬ್ಬವೆಂದರೆ ಬೆಳಗಿನಿಂದ ನಿಂತುಕೊಂಡೇ ಕೆಲಸ, ಹೊಸ ಹುಳ ಬೇರೆ ತಂದಿದ್ದರು. "ಅತ್ತೆ, ಹೊರಗಾದೆ" ಅಂದೆ. ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದ ಮಾತು ಇದೊಂದೇ.

ಅತ್ತೆ ಅಲ್ಲೇ ಕೂತುಬಿಟ್ಟರು. ನನಗೆಂದು ತಂದಿದ್ದ ಹಸಿರು ಬಳೆ, ಬಾಗಿನದ ಮೊರ ಎಲ್ಲ ಎತ್ತಿಟ್ಟರು. ಮುತ್ತೈದೆ ಮನೆಯಲ್ಲಿದ್ದೂ ಗೌರಿಗೆ ಕೈಮುಗಿಯಲಿಲ್ಲ ಅಂತ ಊರೆಲ್ಲ ಮಾತಾಯಿತು. ಪುಟ್ಟಿ ಹೋಳಿಗೆ ತಂದು ದೂರದಲ್ಲಿಟ್ಟು ಓಡಿದಳು.

ನಾನು ನೀರು ಕುಡಿದು ಮಲಗಿದೆ. ಗೌರಮ್ಮ ಕ್ಷಮಿಸಲಿ. ಬಹಳ ಸುಖವಾಗಿತ್ತು.

ಸೆಪ್ಟೆಂಬರ್ 3, ಬುಧವಾರ

ಇವರು ಮಾತು ಕಮ್ಮಿ ಮಾಡಿದ್ದಾರೆ. ಬೆಳಿಗ್ಗೆ ವ್ಯಾನು ನಿಲ್ಲುವ ತನಕ ಬೈಕಿನಲ್ಲಿ ಬಿಡುತ್ತಾರೆ, ಅಷ್ಟೆ. ನಾನು ಒಳಗೆ ಮಲಗುವ ದಿನಗಳಲ್ಲಿ ಗೋಡೆ ಕಡೆ ತಿರುಗುತ್ತೇನೆ. ನೋವಾಗುತ್ತದೆ ಅಂತ ಹೇಳಿದರೆ ಎಲ್ಲಿ, ಯಾಕೆ ಅಂತ ಕೇಳುತ್ತಾರೆ. ಆ ಜಾಗದ ಹೆಸರನ್ನು ನಾನು ಯಾರ ಮುಂದೆಯೂ ಹೇಳಿದವಳಲ್ಲ.

ಇವತ್ತು ವ್ಯಾನು ಇನ್ನೂ ಬಂದಿರಲಿಲ್ಲ. ಬೈಕಿನ ಕನ್ನಡಿ ನೋಡಿಕೊಂಡೇ ಕೇಳಿದರು.

"ನನ್ನ ಕಂಡ್ರೆ ಆಗಕಿಲ್ವಾ ನಿಂಗೆ?"

ಆಗುತ್ತದೆ ಅನ್ನಬೇಕಿತ್ತು. ಅಷ್ಟರಲ್ಲಿ ವ್ಯಾನು ಬಂತು. ಹತ್ತಿದೆ.

ಸೆಪ್ಟೆಂಬರ್ 6, ಶನಿವಾರ

ಚಳಿ ಜ್ವರ. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದುಕೊಂಡೆ. ಏನು ತೊಂದರೆ ಅಂತ ಅಂಗಡಿಯವನು ಕೇಳಿದ. ಜ್ವರ ಅಂತ ಮಾತ್ರ ಹೇಳಿದೆ.

ಹುಳದ ಮನೆಯಲ್ಲೂ ಜ್ವರ. ಸದ್ದು ಮಾಡಬೇಡಿ ಅಂತ ಅತ್ತೆ ಬಾಗಿಲಿಗೆ ಗೋಣಿತಾಟು ಕಟ್ಟಿದ್ದಾರೆ. ನಾನು ಕೆಲಸಕ್ಕೆ ಹೋಗಿಬಂದೆ.

ಸೆಪ್ಟೆಂಬರ್ 11, ಗುರುವಾರ

ಇವರ ದೊಡ್ಡಪ್ಪ ದೊಡ್ಡಮುನಿಯಪ್ಪ ಬಂದಿದ್ದರು. ಪಡಸಾಲೆಯಲ್ಲಿ ಕೂತು ಮಾತಾಡಿದರು. ನಾನು ಅಡುಗೆಮನೆಯಲ್ಲಿದ್ದೆ, ಎಲ್ಲ ಕೇಳಿಸಿತು. ಎರಡು ವರ್ಷವಾದರೂ ಹೊಟ್ಟೆ ತುಂಬಿಲ್ಲ, ತಿಂಗಳಲ್ಲಿ ಎರಡು ಮೂರು ಸಲ ಹೊರಗಾಗುತ್ತಾಳೆ, ಗರ್ಭದಲ್ಲೇ ಏನೋ ದೋಷವಿದೆ ಅಂದರು ಅತ್ತೆ. ಅಳುತ್ತಲೇ ಹೇಳಿದರು. ನನ್ನ ಮೇಲೆ ಅವರಿಗೆ ಕೋಪವಿಲ್ಲ, ಹೆದರಿಕೆ.

ದೊಡ್ಡಮಾವ ಲೋಟ ಕೆಳಗಿಟ್ಟು ತೀರ್ಮಾನ ಹೇಳಿದರು.

"ಭಾನ್ವಾರ ಕಬ್ಬಾಳಿಗೆ ಕರ್ಕೊಂಡೋಗಿ ಅಮ್ಮನ್ಗೆ ಹರಕೆ ಕಟ್ಕೊಂಡು ಬಾರ್ಲಾ. ಆಮೇಲೆ ಅವ್ಳ ಅಣ್ಣನ್ ಮನೆಗೆ ಬುಟ್ಬುಡು. ವಾಸಿ ಮಾಡ್ಸಿ ಅವ್ರೇ ಕಳುಸ್ಲಿ. ಆಗ್ನಿಲ್ಲ ಅಂದ್ರೆ ಮುಂದಿಂದು ನೋಡವ."

ಮುಂದಿನದು ಏನು ಅಂತ ಯಾರೂ ಕೇಳಲಿಲ್ಲ. ನನಗೂ ಗೊತ್ತು. ನಮ್ಮ ಮಾಗಡಿ ಕಡೆ ಹಾಗೆ ತವರಿಗೆ ಬಂದು ಕೂತವರನ್ನು ನೋಡಿದ್ದೇನೆ. ಅತ್ತಿಗೆ ಕೊಟ್ಟಾಗ ತಿನ್ನುತ್ತ, ಕರೆದಾಗ ಏಳುತ್ತ, ಬಾಗಿಲ ಕಡೆ ನೋಡುತ್ತ.

ಇವರು ಏನಾದರೂ ಅನ್ನುತ್ತಾರೆ ಅಂತ ಕಾದೆ. ಹೂಂ ಅಂದರು.

ಸೆಪ್ಟೆಂಬರ್ 18, ಗುರುವಾರ

ಕನಕಪುರದ ಆಸ್ಪತ್ರೆಯಲ್ಲಿ ಬರೆಯುತ್ತಿದ್ದೇನೆ. ಎಡಗೈಗೆ ಸೂಜಿ ಚುಚ್ಚಿದ್ದಾರೆ, ಬಲಗೈ ಬಿಡುವಾಗಿದೆ. ಈ ಡೈರಿ ಆಫೀಸಿನ ಚೀಲದಲ್ಲೇ ಇತ್ತು. ನಿನ್ನೆ ಇವರು ಬದಲಿ ಬಟ್ಟೆ ತರುವಾಗ ಆ ಚೀಲವನ್ನೇ ತಂದಿದ್ದರು.

ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಹೊಸ ಸೀರೆ ಉಟ್ಟೆ. ಕಕ್ಕಸಿಗೆ ಹೋದಾಗ ಎಲ್ಲ ಕೆಂಪು. ಅತ್ತೆಗೆ ಹೇಳಿದರೆ ಹರಕೆ ನಿಲ್ಲುತ್ತದೆ, ಆದರೆ ಅಣ್ಣನ ಮನೆಗೆ ಹೋಗುವುದು ನಿಲ್ಲುವುದಿಲ್ಲ. ಸುಮ್ಮನೆ ಬೈಕು ಹತ್ತಿದೆ. ಹಣ್ಣುಕಾಯಿ ಬುಟ್ಟಿ ತೊಡೆಯ ಮೇಲೆ. ರಸ್ತೆಯ ಪ್ರತಿ ಗುಂಡಿಗೂ ಸೊಂಟಕ್ಕೆ ಹೊಡೆದ ಹಾಗಾಗುತ್ತಿತ್ತು.

ಸಾತನೂರು ದಾಟಿದ ಮೇಲೆ ಕಬ್ಬಾಳದುರ್ಗ ಕಂಡಿತು. ಈ ಮೈಯಲ್ಲಿ ಅಮ್ಮನ ಬಾಗಿಲು ಹತ್ತಬಹುದೋ ಬಾರದೋ. ಮುಟ್ಟಲ್ಲ, ಆದರೆ ರಕ್ತ ಹೌದು. ಅತ್ತೆಗೆ ತಲೆ ಆಡಿಸಬಹುದು. ಕಬ್ಬಾಳಮ್ಮನಿಗೆ ಹೇಗೆ ಆಡಿಸುವುದು.

"ಗಾಡಿ ನಿಲ್ಸಿ. ನಾನು ಗುಡಿಗೆ ಬರಂಗಿಲ್ಲ" ಅಂದೆ.

ನಿಲ್ಲಿಸಿದರು. ತಿರುಗಿ ನೋಡಲಿಲ್ಲ.

"ಮತ್ತೆ ಆದ್ಯಾ? ತಿಂಗ್ಳಿಗೆ ಎಷ್ಟು ಸಲ ಆಯ್ತೀಯಮ್ಮಿ ನೀನು? ನನ್ ಜೊತೆ ಬಾಳಾಕೆ ಇಷ್ಟ ಇಲ್ಲ ಅಂದ್ರೆ ಅಷ್ಟು ಹೇಳ್ಬುಡು. ಅಮ್ಮನ್ ತಾವ ಬಂದೂ ನಾಟ್ಕ ಆಡ್ಬ್ಯಾಡ."

ಅವರ ಮುಖ ಎದುರಿಗಿದ್ದಿದ್ದರೆ ನಾನು ಈಗಲೂ ಹೇಳುತ್ತಿರಲಿಲ್ಲ. ಅಂಗಿಯ ಬೆನ್ನು ಮಾತ್ರ ಕಾಣುತ್ತಿತ್ತು. ಬೆವರಿನಿಂದ ಅಂಟಿಕೊಂಡಿತ್ತು. ಅದನ್ನು ನೋಡಿಕೊಂಡು ಹೇಳಿದೆ.

"ಇದು ಅದಲ್ಲ. ಉಚ್ಚೇಲಿ ರಕ್ತ ಬತ್ತದೆ. ಆವತ್ತು ಲಂಗದಲ್ಲಿ ಇದ್ದಿದ್ದೂ ಇದೇಯ. ಅತ್ತೆ ಹೊರಗಾಗಿದ್ದೀಯಾ ಅಂದ್ರು, ತಲೆ ಆಡಿಸ್ದೆ."

ಮಾತು ಒಮ್ಮೆ ಹೊರಟಮೇಲೆ ನಿಲ್ಲಲಿಲ್ಲ. ನೀರು ಕುಡಿಯದೆ ಇರುವುದು, ಆಫೀಸಿನ ಟಾಯ್ಲೆಟ್ಟಿಗೆ ನಾವು ಹೋಗಬಾರದು ಅನ್ನುವುದು, ಕ್ಯಾಂಟೀನಿನ ಹಿಂದಿನ ಜಾಗ, ಸೆಕ್ಯೂರಿಟಿಯವನ ಪುಸ್ತಕ, ಗಂಡಸರು ನಕ್ಕದ್ದು, ಒಳಗೆ ಮಲಗಿದಾಗ ಯಾಕೆ ತಿರುಗಿಕೊಳ್ಳುತ್ತಿದ್ದೆ ಅನ್ನುವುದು, ಎಲ್ಲ ಹೇಳಿದೆ. ಗುಡಿಗೆ ಹೋಗುವ ಬಸ್ಸುಗಳು ಪಕ್ಕದಲ್ಲೇ ಹಾರನ್ ಹೊಡೆದುಕೊಂಡು ಹೋಗುತ್ತಿದ್ದವು.

ಆಗ ತಿರುಗಿದರು.

"ನೀನೇ ಅಲ್ವಾ ಆ ಆಫೀಸ್ ಟಾಯ್ಲೆಟ್ ತೊಳೆಯೋದು?"

"ಹೂಂ."

"ದಿನಾ ತೊಳೀತೀಯ. ಕೂತ್ಕಳಂಗಿಲ್ವಾ?"

"ಇಲ್ಲ."

ಬೈಕಿಗೆ ಸ್ಟ್ಯಾಂಡ್ ಹಾಕಿ ಕೆಳಗಿಳಿದು ರಸ್ತೆ ಪಕ್ಕ ಹೋಗಿ ನಿಂತರು. ಅಳುತ್ತಿದ್ದಾರೇನೋ ಅಂದುಕೊಂಡೆ. ಇಲ್ಲ. ಕಲ್ಲೊಂದನ್ನು ಕಾಲಿನಿಂದ ಉರುಳಿಸುತ್ತಿದ್ದರು. ನನಗಾದರೂ ಹೇಳಬಾರದಿತ್ತಾ, ಕೇಳಿದ್ದೆನಲ್ಲ ಅಂದರು.

"ನೀವು ಕೇಳಿದ್ದು ನಿಮ್ ವಿಷ್ಯ. ನನ್ ವಿಷ್ಯ ಕೇಳ್ನಿಲ್ಲ" ಅಂದೆ.

ಹಾಗೆ ಅಂದದ್ದು ಜಾಸ್ತಿಯಾಯಿತೇನೋ. ಬೈಕಿನಿಂದ ಇಳಿಯಲು ಹೋದೆ, ಬುಟ್ಟಿ ಜಾರಿ ಬಾಳೆಹಣ್ಣೆಲ್ಲ ರಸ್ತೆಗೆ ಬಿತ್ತು. ಮುಂದಿನದು ಅರೆಬರೆ ನೆನಪು. ಬೆಟ್ಟ ಎಡಕ್ಕೆ ಉಳಿಯಿತು, ಬೈಕು ಕನಕಪುರದ ಕಡೆ ಹೋಯಿತು. ನನ್ನ ಸೆರಗನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡಿದ್ದರು, ಬೀಳದಿರಲಿ ಅಂತ.

ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಸೋಂಕು ಮೇಲಕ್ಕೆ ಹತ್ತಿ ಮೂತ್ರಪಿಂಡಕ್ಕೆ ಹೋಗಿದೆ ಅಂದರು. ಎಡಗಡೆಯದು ಊದಿದೆ, ಕಲ್ಲೂ ಇದೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಕೇಳಿದ್ದು ನನ್ನನ್ನಲ್ಲ, ಇವರನ್ನು.

ಸೆಪ್ಟೆಂಬರ್ 23, ಮಂಗಳವಾರ

ಮನೆಗೆ ಬಂದ ದಿನ. ಎಡಗಡೆಯದು ಮೊದಲಿನಂತೆ ಕೆಲಸ ಮಾಡುತ್ತದೆ ಅಂತ ಹೇಳಲಾಗದು ಎಂದಿದ್ದಾರೆ. ಉಳಿದದ್ದನ್ನು ಜೋಪಾನ ಮಾಡಬೇಕಂತೆ. ಕೆಲವು ತಿಂಗಳು ಮಗುವಿನ ಯೋಚನೆ ಬೇಡವಂತೆ. ಇದನ್ನೆಲ್ಲ ಅತ್ತೆಗೆ ಹೇಳಿದ್ದು ಕೆಂಪರಾಜು. ಅಣ್ಣನ ಮನೆಯ ಮಾತನ್ನು ಯಾರೂ ಎತ್ತಲಿಲ್ಲ. ದೊಡ್ಡಮಾವ ಫೋನು ಮಾಡಿದಾಗ, "ಅವ್ಳು ಎಲ್ಲೂ ಹೋಗಕಿಲ್ಲ ದೊಡ್ಡಪ್ಪ" ಅಂತ ಅಷ್ಟೇ ಅಂದು ಇಟ್ಟರು.

ಅತ್ತೆ ಆಸ್ಪತ್ರೆಗೆ ದಿನಾ ಸಾರನ್ನ ಕಳಿಸಿದ್ದಾರೆ. ಬಾರ್ಲಿ ಗಂಜಿ ಕಾಯಿಸಿ ಇಟ್ಟಿದ್ದರು. ಎದುರಿಗೆ ಕೂತು, ಒಂದು ಮಾತು ಆಡಬಾರದಿತ್ತೇನಮ್ಮಿ ನೀನು, ನಾನೂ ಹೆಂಗಸಲ್ಲವಾ ಅಂತ ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದರು, ರಕ್ತ ನಿಂತಿದೆಯಾ ಅಂತ. ಇನ್ನೂ ಸ್ವಲ್ಪ ಇದೆ ಅಂದೆ.

"ಅಂಗಾದ್ರೆ ನಿಲ್ಲಗಂಟ ಚಾವಡೀಲೇ ಇರವ್ವ. ಎಲ್ಲಿಂದ ಬಂದ್ರೂ ರಕ್ತ ರಕ್ತಾನೇ. ಹುಳ ಹಣ್ಣಾಗೋ ಹೊತ್ತು."

ಚಾಪೆ ಹಾಸಿಕೊಟ್ಟರು. ಈ ಸಲ ಮೇಲೆ ಹಾಸಿಗೆಯನ್ನೂ ಹಾಸಿದರು.

ಅಕ್ಟೋಬರ್ 6, ಸೋಮವಾರ

ಇವತ್ತಿನಿಂದ ಮತ್ತೆ ಕೆಲಸ. ಬೇಡ ಬಿಡು ಅಂದಿದ್ದರು ಕೆಂಪರಾಜು. ಮನೆಯಲ್ಲಿದ್ದರೆ ಸೊಪ್ಪು, ಒಲೆ, ಬಂದವರೆಲ್ಲ ಹೊಟ್ಟೆ ನೋಡುವುದು. ಹೋಗುತ್ತೇನೆ ಅಂದೆ.

ಸೂಪರ್‌ವೈಸರ್ ಇಷ್ಟು ದಿನ ಯಾಕೆ ರಜೆ, ಏನಾಗಿತ್ತು ಅಂತ ಕೇಳಿದರು. ಎಲೆಕ್ಟ್ರಿಷಿಯನ್ನೂ ಇದ್ದ, ಎಚ್.ಆರ್. ಮೇಡಮ್ಮೂ ಇದ್ದರು. ಮೂತ್ರದಲ್ಲಿ ರಕ್ತ ಬರುತ್ತಿತ್ತು, ಒಂದು ಕಿಡ್ನಿ ಹಾಳಾಗಿದೆ, ಇಲ್ಲಿ ಹೋಗಲು ಜಾಗವಿಲ್ಲ ಅಂತ ನೀರು ಕುಡಿಯದೆ ಹಾಗಾಯಿತು, ಇನ್ನು ಕುಡಿಯುತ್ತೇನೆ, ಬಂದಾಗಲೆಲ್ಲ ಹೋಗುತ್ತೇನೆ ಅಂದೆ. ಅವರು ಮೇಡಂ ಮುಖ ನೋಡಿದರು. ಮೇಡಂ ಫೋನು ನೋಡಿದರು.

ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಆಫೀಸಿನಿಂದ ಗೋಡೌನಿಗೆ ಹಾಕಿದರು. ಅಲ್ಲಿ ರಟ್ಟಿನ ಧೂಳು, ಫ್ಯಾನಿಲ್ಲ. ಕಕ್ಕಸು ಪಕ್ಕದಲ್ಲೇ ಇದೆ, ಒಳಗೆ ಚಿಲಕವಿಲ್ಲ. ಒಂದು ಕಾಲನ್ನು ಬಾಗಿಲಿಗೆ ಒತ್ತಿ ಹಿಡಿಯಬೇಕು. ನಾಳೆಯಿಂದ ದೊಡ್ಡ ನೀರಿನ ಬಾಟಲಿ ಒಯ್ಯುತ್ತೇನೆ.

ವಜೀರಕ್ಕ ವ್ಯಾನಿನಲ್ಲಿ ಪಕ್ಕಕ್ಕೆ ಬಂದು ಕೂತು, "ನಿನ್ ದನಿ ಕೆಳಗಿನ ಮಹಡಿಗೂ ಕೇಳಿಸ್ತು ಕಣಮ್ಮ" ಅಂದಳು. ಅಷ್ಟು ಜೋರಾಗಿತ್ತಾ? ನಾನು ಮೆಲ್ಲಗೇ ಹೇಳಿದ್ದೆ ಅಂದುಕೊಂಡಿದ್ದೆ.

ಅಕ್ಟೋಬರ್ 17, ಶುಕ್ರವಾರ

ರಕ್ತ ನಿಂತು ಬಹಳ ದಿನವಾಯಿತು. ಅತ್ತೆ ಕೇಳಿದಾಗಲೆಲ್ಲ ಇನ್ನೂ ಒಂದಿಷ್ಟಿದೆ ಅನ್ನುತ್ತಿದ್ದೇನೆ. ಒಳಗೆ ಹೋದರೆ ಹುಳದ ಮನೆ, ಒಲೆ, ಆಮೇಲೆ ಮಂಚ. ಡಾಕ್ಟರಮ್ಮ ಕೆಲವು ತಿಂಗಳು ಅಂದಿದ್ದಾರೆ, ಆದರೆ ಮಂಚ ಅಂದರೆ ಮಂಚ. ಇಲ್ಲಿ ತೆಂಗಿನ ಗರಿ ಸದ್ದು, ಬಿಂದಿಗೆ ನೀರು. ಮೈ ಇನ್ನೂ ನನ್ನದು ಅನಿಸುವುದಿಲ್ಲ. ಹಾಗಂತ ಯಾರಿಗೆ ಹೇಳುವುದು.

ಸಂಜೆ ಕೆಂಪರಾಜು ತೋಟದಿಂದ ಬಂದು ಸೊಪ್ಪಿನ ಹೊರೆಯನ್ನು ಚಾವಡಿಯ ಕಟ್ಟೆಗೆ ಇಳಿಸಿ, ನನ್ನ ಚಾಪೆಯಿಂದ ಒಂದು ಮಾರು ದೂರದಲ್ಲಿ ಕೂತರು. ಹೊರಗೆ ಕೂತವಳ ಹತ್ತಿರ ಹಾಗೆ ಕೂರಬಾರದು. ಕೂತರು. ನನ್ನ ಬಿಂದಿಗೆಯಿಂದಲೇ ಬಗ್ಗಿಸಿಕೊಂಡು ಕುಡಿದರು.

"ಇನ್ನೂ ಬತ್ತಾ ಐತಾ?"

ಅತ್ತೆಗೆ ಹೇಳಿದ್ದನ್ನೇ ಹೇಳಲು ಬಾಯಿ ತೆರೆದೆ.

"ಇಲ್ಲ. ನಿಂತೋಯ್ತು."

"ಯಾವಾಗ?"

"ಆಗ್ಲೇ. ಬೋ ದಿನ ಆಯ್ತು."

ಸಿಟ್ಟಾಗುತ್ತಾರೆ ಅಂದುಕೊಂಡೆ. ಸೊಪ್ಪಿನ ಕಡ್ಡಿಯೊಂದನ್ನು ಎಳೆದುಕೊಂಡು ಎಲೆ ಕೀಳುತ್ತ ಕೂತರು. ಆಮೇಲೆ ಒಳಗೆ ಬರುವುದಿಲ್ಲವಾ ಅಂತ ಕೇಳಿದರು. ಬರುತ್ತೇನೆ, ಇನ್ನೊಂದಿಷ್ಟು ದಿನ ಹೋಗಲಿ ಅಂದೆ. ಎಷ್ಟು ದಿನ ಅಂತ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹುಳದ ಮನೆಯ ಬಾಗಿಲಿನಿಂದ ಅತ್ತೆ ಕೂಗಿದರು.

"ಏನ್ಲಾ ಕೆಂಪರಾಜ, ನಿಂತೋಯ್ತಂತಾ ಅವ್ಳಿಗೆ? ನಾಳೆಯಿಂದ ಹುಳಕ್ಕೆ ಇನ್ನೊಂದು ಕೈ ಬೇಕು ಕಣ್ಲಾ."

ಕೆಂಪರಾಜು ಎದ್ದು ಲುಂಗಿ ಎತ್ತಿ ಕಟ್ಟಿಕೊಂಡರು. ನನ್ನ ಕಡೆ ನೋಡಲಿಲ್ಲ.

"ಇಲ್ಲ ಕಣವ್ವ, ಇನ್ನೂ ಬತ್ತಾನೇ ಐತಂತೆ" ಅಂದರು. ಹೊರೆಯನ್ನು ಹೆಗಲಿಗೇರಿಸಿಕೊಂಡು ತಾವೇ ಹುಳದ ಮನೆಯೊಳಕ್ಕೆ ಹೋದರು.